ಅಲ್ಯೂಮಿನಿಯಂ ಗುಜರಿಯಿಂದ ವಿದ್ಯುತ್ ವಾಹಕ ಮಿಶ್ರಲೋಹಗಳು: ವಿನ್ಯಾಸ ಮತ್ತು ತಯಾರಿಕೆ

ಪೀಠಿಕೆ

ವಿದ್ಯುತ್ ಪ್ರಸರಣ ಹಾಗೂ ವಿತರಣಾ ಮಾರ್ಗಗಳಲ್ಲಿ ಕಂಬದಿಂದ ಕಂಬಕ್ಕೆ ಎಳೆಯಲಾಗುವ ತಂತಿಗಳು ಬಹುಪಾಲು ಅಲ್ಯೂಮಿನಿಯಂ ಅಥವಾ ಅದರ ಮಿಶ್ರಲೋಹಗಳಿಂದ ತಯಾರಾದವುಗಳು. ಈ ತಂತಿಗಳಿಗೆ ಎರಡು ಗುಣಗಳು ಅನಿವಾರ್ಯ. ಮೊದಲನೆಯದು, ವಿದ್ಯುತ್ತನ್ನು ಕಡಿಮೆ ನಷ್ಟದಲ್ಲಿ ಸಾಗಿಸುವ ವಾಹಕತೆ. ಎರಡನೆಯದು, ತನ್ನದೇ ಭಾರವನ್ನೂ ಗಾಳಿಯ ಒತ್ತಡವನ್ನೂ ದಶಕಗಳ ಕಾಲ ತಾಳಿಕೊಳ್ಳುವ ಬಲ. ವಾಹಕತೆ ಕಡಿಮೆಯಾದರೆ ಉತ್ಪಾದಿಸಿದ ವಿದ್ಯುತ್ತಿನ ಒಂದು ಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ಬಲ ಕಡಿಮೆಯಾದರೆ ತಂತಿ ಜೋಲುಬಿದ್ದು ಅಥವಾ ತುಂಡಾಗಿ ಜನ ಜಾನುವಾರುಗಳ ಪ್ರಾಣಕ್ಕೆ ಅಪಾಯ ಒದಗುತ್ತದೆ.

ಇಂತಹ ತಂತಿಗಳನ್ನು ವಾಡಿಕೆಯಾಗಿ ಅದಿರಿನಿಂದ ಪಡೆದ ಹೊಸ ಲೋಹದಿಂದ ತಯಾರಿಸಲಾಗುತ್ತದೆ. ಗುಜರಿ ಲೋಹದಿಂದಲೂ ಅವುಗಳನ್ನು ತಯಾರಿಸಲು ಸಾಧ್ಯವೇ, ಸಾಧ್ಯವಾದರೆ ಯಾವ ಷರತ್ತುಗಳಿಗೆ ಒಳಪಟ್ಟು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಗುಜರಿ ಸಂಗ್ರಹಕಾರರು, ಸಣ್ಣ ಎರಕ ಘಟಕಗಳ ಮಾಲೀಕರು, ತಂತಿ ತಯಾರಕರು, ವಿದ್ಯಾರ್ಥಿಗಳು ಹಾಗೂ ಆಸಕ್ತ ಸಾರ್ವಜನಿಕರಿಗೆ ಈ ಮಾಹಿತಿ ಉಪಯುಕ್ತವಾಗಬಲ್ಲದು.

ವಿದ್ಯುತ್ ವಾಹಕವಾಗಿ ಅಲ್ಯೂಮಿನಿಯಂ

ಅಲ್ಯೂಮಿನಿಯಂನ ಸಾಂದ್ರತೆ ಘನ ಸೆಂಟಿಮೀಟರಿಗೆ 2.70 ಗ್ರಾಂ, ತಾಮ್ರದ್ದು 8.96 ಗ್ರಾಂ. ಲೋಹಗಳ ವಾಹಕತೆಯನ್ನು 1913ರಲ್ಲಿ ಅಂಗೀಕರಿಸಲಾದ ಅಂತರರಾಷ್ಟ್ರೀಯ ತಾಮ್ರ ಮಾನಕಕ್ಕೆ ಹೋಲಿಸಿ ಹೇಳುವುದು ರೂಢಿ. ಈ ಮಾನಕದಲ್ಲಿ ಹದಗೊಳಿಸಿದ ತಾಮ್ರದ ವಾಹಕತೆಯನ್ನು ಶೇ. 100 ಎಂದು ಪರಿಗಣಿಸಲಾಗಿದೆ. ವಿದ್ಯುತ್ ದರ್ಜೆಯ ಅಲ್ಯೂಮಿನಿಯಂನ ವಾಹಕತೆ ಸುಮಾರು ಶೇ. 61. ಆದುದರಿಂದ ತಾಮ್ರದಷ್ಟೇ ವಿದ್ಯುತ್ ಸಾಗಿಸಲು ಅಲ್ಯೂಮಿನಿಯಂ ತಂತಿಯ ಅಡ್ಡಕೊಯ್ತ ಸುಮಾರು 1.6 ಪಟ್ಟು ಇರಬೇಕಾಗುತ್ತದೆ. ಹೀಗಿದ್ದರೂ ಅದರ ತೂಕ ತಾಮ್ರದ ತಂತಿಯ ಅರ್ಧದಷ್ಟು ಮಾತ್ರ. ಉದ್ದದ ಮೇಲುಮಾರ್ಗಗಳಿಗೆ ಅಲ್ಯೂಮಿನಿಯಂ ಆಯ್ಕೆಯಾಗಲು ಇದೇ ಮುಖ್ಯ ಕಾರಣ.

ಆದರೆ ಶುದ್ಧ ಅಲ್ಯೂಮಿನಿಯಂ ಮೃದುವಾದ ಲೋಹ. ಗಟ್ಟಿಯಾಗಿ ಎಳೆದ ವಿದ್ಯುತ್ ದರ್ಜೆಯ ತಂತಿಯ ಕರ್ಷಣ ಬಲ ಸಾಮಾನ್ಯವಾಗಿ 160ರಿಂದ 200 ಮೆಗಾಪಾಸ್ಕಲ್. ಈ ಕೊರತೆಯನ್ನು ನೀಗಲು ಎರಡು ಮಾರ್ಗಗಳಿವೆ. ಮೊದಲನೆಯದು, ನಡುವೆ ಉಕ್ಕಿನ ತಂತಿಯನ್ನಿಟ್ಟು ಸುತ್ತಲೂ ಅಲ್ಯೂಮಿನಿಯಂ ತಂತಿಗಳನ್ನು ಹೊಸೆಯುವುದು. ವಿತರಣಾ ಮಾರ್ಗಗಳಲ್ಲಿ 'ರ‍್ಯಾಬಿಟ್' ಎಂದು ಕರೆಯಲಾಗುವ ವಾಹಕದಲ್ಲಿ 3.35 ಮಿಲಿಮೀಟರ್ ವ್ಯಾಸದ 6 ಅಲ್ಯೂಮಿನಿಯಂ ಎಳೆಗಳು, ನಡುವೆ ಅದೇ ವ್ಯಾಸದ 1 ಉಕ್ಕಿನ ಎಳೆ ಇರುತ್ತವೆ. ಎರಡನೆಯದು, ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆಸಿದ ಮಿಶ್ರಲೋಹದಿಂದಲೇ ಎಲ್ಲ ಎಳೆಗಳನ್ನು ತಯಾರಿಸುವುದು. ಈ ಬಗೆಯ ತಂತಿಯ ಬಲ 300 ಮೆಗಾಪಾಸ್ಕಲ್ ಮೀರುತ್ತದೆ. ವಾಹಕತೆ ಸುಮಾರು ಶೇ. 52.5ಕ್ಕೆ ಇಳಿಯುತ್ತದೆ. ಉಕ್ಕು ಇಲ್ಲದಿರುವುದರಿಂದ ಎರಡು ಲೋಹಗಳ ನಡುವಿನ ತುಕ್ಕಿನ ತೊಂದರೆ ಇದರಲ್ಲಿಲ್ಲ. ಆ ಕಾರಣದಿಂದ ಉಪ್ಪುಗಾಳಿ ಬೀಸುವ ಕರಾವಳಿ ಪ್ರದೇಶಗಳಿಗೆ ಇದು ಹೆಚ್ಚು ಸೂಕ್ತ.

ಗುಜರಿ ಬಳಕೆಯ ಅಗತ್ಯ

ಅಲ್ಯೂಮಿನಿಯಂ ತಯಾರಿಕೆಯು ಅಪಾರ ವಿದ್ಯುತ್ತನ್ನು ಬೇಡುವ ಉದ್ಯಮ. ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ ಎಂಬುವರು 1886ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದ ವಿದ್ಯುದ್ವಿಭಜನ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ಈ ವಿಧಾನದಲ್ಲಿ ಒಂದು ಕಿಲೋಗ್ರಾಂ ಲೋಹಕ್ಕೆ ಸುಮಾರು 13ರಿಂದ 15 ಯೂನಿಟ್ ವಿದ್ಯುತ್ ವೆಚ್ಚವಾಗುತ್ತದೆ. ಗುಜರಿಯನ್ನು ಕರಗಿಸಿ ಅಷ್ಟೇ ಲೋಹ ಪಡೆಯಲು ಹೊಸ ಲೋಹಕ್ಕೆ ಬೇಕಾಗುವ ಒಟ್ಟು ಶಕ್ತಿಯ ಸುಮಾರು ಶೇ. 5ರಷ್ಟು ಸಾಕು. ಜೊತೆಗೆ ಬಾಕ್ಸೈಟ್ ಗಣಿಗಾರಿಕೆಯೂ ಸಂಸ್ಕರಣೆಯಲ್ಲಿ ಉಳಿಯುವ ಕೆಂಪು ರಾಡಿಯೂ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತವೆ.

ಇದುವರೆಗೆ ಮಿಶ್ರ ಗುಜರಿಯ ದೊಡ್ಡ ಪಾಲು ವಾಹನಗಳ ಎಂಜಿನ್ ಹಾಗೂ ಗೇರ್ ಪೆಟ್ಟಿಗೆಗಳ ಎರಕಕ್ಕೆ ಹೋಗುತ್ತಿದೆ. ಹೆಚ್ಚು ಸಿಲಿಕಾನ್, ತಾಮ್ರ ಮತ್ತು ಕಬ್ಬಿಣವನ್ನು ಸಹಿಸಿಕೊಳ್ಳಬಲ್ಲ ಉತ್ಪನ್ನ ಇದೊಂದೇ ಎಂಬಂತಿದೆ. ಹೀಗೆ ಎರಕವಾದ ಲೋಹ ಮರಳಿ ತಂತಿಯಾಗಲಿ ಹಾಳೆಯಾಗಲಿ ಆಗುವುದಿಲ್ಲ. ಒಮ್ಮೆ ಕೆಳದರ್ಜೆಗೆ ಇಳಿದರೆ ಅಲ್ಲಿಯೇ ಉಳಿಯುತ್ತದೆ. ವಿದ್ಯುತ್ ಚಾಲಿತ ವಾಹನಗಳಲ್ಲಿ ಎಂಜಿನ್ ಇಲ್ಲದಿರುವುದರಿಂದ ಈ ಎರಕದ ಬೇಡಿಕೆ ಮುಂದೆ ಕುಗ್ಗುವ ಸಾಧ್ಯತೆಯಿದೆ. ಸೌರ ಮತ್ತು ಪವನ ವಿದ್ಯುತ್ ಘಟಕಗಳನ್ನು ಜಾಲಕ್ಕೆ ಜೋಡಿಸಲು ಬೇಕಾಗುವ ವಾಹಕಗಳ ಬೇಡಿಕೆಯಾದರೋ ಹೆಚ್ಚುತ್ತಿದೆ. ಗುಜರಿಯನ್ನು ವಾಹಕವಾಗಿಸುವ ಪ್ರಯತ್ನಕ್ಕೆ ಮಹತ್ವ ಬಂದಿರುವುದು ಈ ಹಿನ್ನೆಲೆಯಲ್ಲಿ. ಭಾರತದಲ್ಲಿ ಕೇಂದ್ರ ಗಣಿ ಸಚಿವಾಲಯವು 2020ರಲ್ಲಿ ಕಬ್ಬಿಣೇತರ ಲೋಹಗಳ ಗುಜರಿ ಮರುಬಳಕೆಯ ರಾಷ್ಟ್ರೀಯ ಚೌಕಟ್ಟನ್ನು ಪ್ರಕಟಿಸಿದೆ.

ಗುಜರಿಯಲ್ಲಿರುವ ಮೂಲ ತೊಡಕು

ತಾಮ್ರದ ಗುಜರಿಯನ್ನು ಕರಗಿಸಿ, ಗಾಳಿಯೂದಿ, ಅನಂತರ ವಿದ್ಯುದ್ವಿಭಜನೆಗೆ ಒಳಪಡಿಸಿದರೆ ಶುದ್ಧ ತಾಮ್ರ ಮರಳಿ ದೊರೆಯುತ್ತದೆ. ಅಲ್ಯೂಮಿನಿಯಂನಲ್ಲಿ ಈ ಕ್ರಮ ಫಲಿಸುವುದಿಲ್ಲ. ಅಲ್ಯೂಮಿನಿಯಂ ಆಮ್ಲಜನಕದೊಡನೆ ಬಹು ಬೇಗ ಕೂಡುವ ಲೋಹ. ಗಾಳಿಯೂದಿದರೆ ಕಬ್ಬಿಣ, ಸಿಲಿಕಾನ್, ತಾಮ್ರ, ಮ್ಯಾಂಗನೀಸ್ ಮುಂತಾದವು ಉಳಿದು ಅಲ್ಯೂಮಿನಿಯಂ ತಾನೇ ಮೊದಲು ಉರಿದು ಕಿಟ್ಟವಾಗುತ್ತದೆ. ಮೆಗ್ನೀಸಿಯಂ ಮಾತ್ರ ಇದಕ್ಕೆ ಹೊರತು. ಅದನ್ನು ಕ್ಲೋರಿನ್ ಅಥವಾ ಫ್ಲೋರೈಡ್ ಲವಣಗಳ ನೆರವಿನಿಂದ ತೆಗೆಯಬಹುದು. ಮೂರು ಪದರಗಳ ವಿದ್ಯುದ್ವಿಭಜನೆಯಂತಹ ಶುದ್ಧೀಕರಣ ವಿಧಾನಗಳು ಇವೆಯಾದರೂ ಅವು ಅತ್ಯಂತ ದುಬಾರಿಯಾಗಿದ್ದು, ತಂತಿ ತಯಾರಿಕೆಗೆ ಹೊಂದುವುದಿಲ್ಲ.

ಆದುದರಿಂದ ಮೂಸೆಗೆ ಸೇರಿದ ಕಲ್ಮಶ ಬಹುಮಟ್ಟಿಗೆ ಲೋಹದಲ್ಲಿಯೇ ಉಳಿಯುತ್ತದೆ. ಹೊಸ ಲೋಹ ಬೆರೆಸಿ ಕಲ್ಮಶದ ಪ್ರಮಾಣವನ್ನು ತಗ್ಗಿಸುವುದು ರೂಢಿಯಲ್ಲಿರುವ ಉಪಾಯ. ಆದರೆ ಹೊಸ ಲೋಹ ಬೆರೆಸಿದಷ್ಟೂ ಗುಜರಿ ಬಳಕೆಯ ಲಾಭ ಕಡಿಮೆಯಾಗುತ್ತದೆ. ಹೀಗಾಗಿ ಮಿಶ್ರಲೋಹ ವಿನ್ಯಾಸದಲ್ಲಿ ಕೇಳಬೇಕಾದ ಪ್ರಶ್ನೆ ಕಲ್ಮಶವನ್ನು ತೆಗೆಯುವುದು ಹೇಗೆ ಎಂಬುದಲ್ಲ. ಉಳಿಯುವ ಕಲ್ಮಶವನ್ನು ಹಾನಿಯಾಗದ ಸ್ಥಿತಿಯಲ್ಲಿ ಇರಿಸುವುದು ಹೇಗೆ ಎಂಬುದು.

ಬಲ ಮತ್ತು ವಾಹಕತೆಗಳ ಪರಸ್ಪರ ವಿರೋಧ

ಲೋಹದಲ್ಲಿ ಪರಮಾಣುಗಳು ಕ್ರಮಬದ್ಧವಾದ ಜಾಲದಂತೆ ಜೋಡಣೆಗೊಂಡಿರುತ್ತವೆ. ವಿದ್ಯುತ್ತನ್ನು ಸಾಗಿಸುವ ಎಲೆಕ್ಟ್ರಾನುಗಳು ಈ ಜಾಲದ ನಡುವೆ ಚಲಿಸುತ್ತವೆ. ಅನ್ಯ ಪರಮಾಣುವೊಂದು ಅಲ್ಯೂಮಿನಿಯಂ ಪರಮಾಣುವಿನ ಸ್ಥಾನದಲ್ಲಿ ಸೇರಿಕೊಂಡರೆ ಜಾಲದ ಕ್ರಮ ಕೆಟ್ಟು, ಎಲೆಕ್ಟ್ರಾನುಗಳು ಚದರಿ, ರೋಧ ಹೆಚ್ಚುತ್ತದೆ. ಇಂತಹ ಪ್ರತಿಯೊಂದು ಬೆರಕೆಯೂ ತನ್ನ ಪ್ರಮಾಣಕ್ಕೆ ತಕ್ಕಂತೆ ರೋಧವನ್ನು ಕೂಡಿಸುತ್ತದೆ ಎಂಬುದನ್ನು ಆಗಸ್ಟಸ್ ಮ್ಯಾಥೀಸನ್ 1860ರ ದಶಕದಲ್ಲಿ ತೋರಿಸಿದರು.

ಲೋಹ ಗಟ್ಟಿಯಾಗುವುದೂ ಜಾಲದಲ್ಲಿರುವ ಅಡೆತಡೆಗಳಿಂದಲೇ. ಲೋಹ ಬಾಗುವಾಗ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುತ್ತವೆ. ಈ ಜಾರುವಿಕೆಯನ್ನು ತಡೆಯುವ ಯಾವುದೇ ಅಡ್ಡಿಯು ಬಲವನ್ನು ಹೆಚ್ಚಿಸುತ್ತದೆ. ಮೇಲ್ನೋಟಕ್ಕೆ, ಬಲ ಹೆಚ್ಚಿಸುವುದೆಲ್ಲವೂ ವಾಹಕತೆಯನ್ನು ತಗ್ಗಿಸಲೇಬೇಕು ಎನಿಸುತ್ತದೆ. ಆದರೆ ಅಡ್ಡಿಯ ಸ್ವರೂಪವನ್ನು ಅವಲಂಬಿಸಿ ಇದರಲ್ಲಿ ದೊಡ್ಡ ವ್ಯತ್ಯಾಸವಿದೆ. ಜಾಲದಲ್ಲಿ ಒಂಟಿ ಒಂಟಿಯಾಗಿ ಕರಗಿ ಹರಡಿರುವ ಪರಮಾಣುಗಳು ವಾಹಕತೆಯನ್ನು ತೀವ್ರವಾಗಿ ಕುಗ್ಗಿಸುತ್ತವೆ. ಅದೇ ಪರಮಾಣುಗಳು ಒಟ್ಟುಗೂಡಿ ಅತಿ ಸೂಕ್ಷ್ಮ ಕಣಗಳಾಗಿ ಬೇರ್ಪಟ್ಟರೆ ಅವುಗಳ ನಡುವಿನ ಜಾಲ ಶುದ್ಧವಾಗಿ ಉಳಿಯುತ್ತದೆ. ಕಣಗಳು ಜಾರುವಿಕೆಯನ್ನೂ ತಡೆಯುತ್ತವೆ. ಬಲವೂ ವಾಹಕತೆಯೂ ಒಟ್ಟಿಗೆ ದೊರೆಯುವ ಮಾರ್ಗ ಇದು.

ಕಲ್ಮಶಗಳ ಪ್ರಭಾವ

ಶುದ್ಧ ಅಲ್ಯೂಮಿನಿಯಂನ ರೋಧಶೀಲತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.65 ಮೈಕ್ರೋ-ಓಮ್ ಸೆಂಟಿಮೀಟರ್. ಅದಕ್ಕೆ ತೂಕದಲ್ಲಿ ಶೇ. 1ರಷ್ಟು ಅನ್ಯ ಧಾತು ಸೇರಿದಾಗ, ಇದೇ ಏಕಮಾನದಲ್ಲಿ, ಆಗುವ ಹೆಚ್ಚಳವನ್ನು ಕೆಳಗೆ ನೀಡಲಾಗಿದೆ. ಮೊದಲ ಅಂಕಿ ಧಾತು ಜಾಲದಲ್ಲಿ ಕರಗಿದ್ದಾಗಿನದು. ಎರಡನೆಯದು ಕಣವಾಗಿ ಬೇರ್ಪಟ್ಟಾಗಿನದು. ಕೆಲವು ಧಾತುಗಳು ಶೇ. 1ರವರೆಗೆ ಕರಗುವುದೇ ಇಲ್ಲವಾದ್ದರಿಂದ ಈ ಅಂಕಿಗಳನ್ನು ಹೋಲಿಕೆಗಾಗಿ ಮಾತ್ರ ಪರಿಗಣಿಸತಕ್ಕದ್ದು.

• ಕ್ರೋಮಿಯಂ: 4.00 – 0.18
• ವೆನೇಡಿಯಂ: 3.58 – 0.28
• ಮ್ಯಾಂಗನೀಸ್: 2.94 – 0.34
• ಟೈಟಾನಿಯಂ: 2.88 – 0.12
• ಕಬ್ಬಿಣ: 2.56 – 0.058
• ಜಿರ್ಕೋನಿಯಂ: 1.74 – 0.044
• ಸಿಲಿಕಾನ್: 1.02 – 0.088
• ಮೆಗ್ನೀಸಿಯಂ: 0.54 – 0.22
• ತಾಮ್ರ: 0.344 – 0.030
• ಸತು: 0.094 – 0.023

ಮೇಲ್ಕಂಡ ಪಟ್ಟಿಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಎಲ್ಲ ಕಲ್ಮಶಗಳೂ ಸಮಾನವಲ್ಲ. ಕ್ರೋಮಿಯಂ, ವೆನೇಡಿಯಂ, ಮ್ಯಾಂಗನೀಸ್ ಮತ್ತು ಟೈಟಾನಿಯಂ ಅಲ್ಪ ಪ್ರಮಾಣದಲ್ಲಿಯೇ ತಂತಿಯನ್ನು ಕೆಡಿಸುತ್ತವೆ. ಎರಡನೆಯದು, ಕಬ್ಬಿಣದ ವಿಷಯ ವಿಶಿಷ್ಟವಾದುದು. ಕರಗಿದ ಕಬ್ಬಿಣಕ್ಕೂ ಕಣವಾದ ಕಬ್ಬಿಣಕ್ಕೂ ಪ್ರಭಾವದಲ್ಲಿ ಸುಮಾರು 44 ಪಟ್ಟು ಅಂತರವಿದೆ. ಘನ ಅಲ್ಯೂಮಿನಿಯಂನಲ್ಲಿ ಕಬ್ಬಿಣ ಹೆಚ್ಚೆಂದರೆ ಶೇ. 0.05ರಷ್ಟು ಮಾತ್ರ ಕರಗುತ್ತದೆ. ಉಳಿದದ್ದು ತಾನಾಗಿಯೇ ಕಣಗಳಾಗಿ ಬೇರ್ಪಡುತ್ತದೆ. ಗುಜರಿಯಲ್ಲಿ ಹೆಚ್ಚಾಗಿ ಕಂಡುಬರುವ ಕಬ್ಬಿಣವು ವಾಹಕತೆಯ ಮಟ್ಟಿಗೆ ಅಷ್ಟೇನೂ ಅಪಾಯಕಾರಿಯಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

ಒಂದು ಲೆಕ್ಕವನ್ನು ಗಮನಿಸಬಹುದು. ಪಾನೀಯದ ಅಲ್ಯೂಮಿನಿಯಂ ಡಬ್ಬಿಗಳ ಮೈಯಲ್ಲಿ ಸುಮಾರು ಶೇ. 1ರಷ್ಟು ಮ್ಯಾಂಗನೀಸ್ ಇರುತ್ತದೆ. 9 ಕಿಲೋಗ್ರಾಂ ಒಳ್ಳೆಯ ತಂತಿ ಗುಜರಿಗೆ 1 ಕಿಲೋಗ್ರಾಂ ಡಬ್ಬಿ ಸೇರಿದರೆ ಮಿಶ್ರಣದಲ್ಲಿ ಮ್ಯಾಂಗನೀಸ್ ಶೇ. 0.1 ಆಗುತ್ತದೆ. ಅದು ಜಾಲದಲ್ಲಿ ಕರಗಿಯೇ ಉಳಿದರೆ ರೋಧಶೀಲತೆ 2.83ರಿಂದ 3.12ಕ್ಕೆ ಏರಿ, ವಾಹಕತೆ ಶೇ. 61ರಿಂದ ಸುಮಾರು ಶೇ. 55ಕ್ಕೆ ಕುಸಿಯುತ್ತದೆ. ಅದೇ ಗಾತ್ರದ ತಂತಿಯಲ್ಲಿ ಅದೇ ವಿದ್ಯುತ್ ಪ್ರವಾಹ ಹರಿದಾಗ ನಷ್ಟ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ತಂತಿ ಮಾರ್ಗದಲ್ಲಿರುವಷ್ಟು ವರ್ಷವೂ ಈ ನಷ್ಟ ಮುಂದುವರಿಯುತ್ತದೆ.

ಗುಜರಿಯ ವರ್ಗೀಕರಣ

ಮಿಶ್ರಲೋಹದ ವಿನ್ಯಾಸವು ಕುಲುಮೆಯ ಬಳಿ ಅಲ್ಲ, ಗುಜರಿ ಬೇರ್ಪಡಿಸುವ ಅಂಗಳದಲ್ಲಿಯೇ ಆರಂಭವಾಗುತ್ತದೆ. ವಾಹಕ ತಯಾರಿಕೆಯ ದೃಷ್ಟಿಯಿಂದ ಗುಜರಿಯನ್ನು ಕೆಳಕಂಡಂತೆ ವಿಂಗಡಿಸಬಹುದು.

1. ಹಳೆಯ ವಿದ್ಯುತ್ ತಂತಿ ಮತ್ತು ಕೇಬಲ್: ಶೇ. 99.5 ಅಥವಾ ಹೆಚ್ಚಿನ ಶುದ್ಧತೆಯ ಲೋಹ. ವ್ಯಾಪಾರದಲ್ಲಿ ಹೊಸ ತಂತಿಯ ತುಂಡುಗಳಿಗೆ 'ಟ್ಯಾಲನ್', ಹಳೆಯ ತಂತಿಗೆ 'ಟೇಸ್ಟ್' ಎಂಬ ಸಂಕೇತ ನಾಮಗಳಿವೆ. ವಾಹಕಕ್ಕೆ ಅತ್ಯಂತ ಸೂಕ್ತ. ಉಕ್ಕಿನ ಎಳೆಯನ್ನು ಕರಗಿಸುವ ಮೊದಲೇ ಬೇರ್ಪಡಿಸಬೇಕು. ಉಕ್ಕಿನ ಕರಗುವ ಬಿಂದು ಅಧಿಕವಾಗಿದ್ದರೂ ಅದು ದ್ರವ ಅಲ್ಯೂಮಿನಿಯಂನಲ್ಲಿ ನಿಧಾನವಾಗಿ ಕರಗಿ ಸೇರಿಕೊಳ್ಳುತ್ತದೆ.

2. ಕಿಟಕಿ, ಬಾಗಿಲುಗಳ ಚೌಕಟ್ಟುಗಳು: ಬಹುಪಾಲು 6063 ಎಂಬ ಮಿಶ್ರಲೋಹ. ಇದರಲ್ಲಿ ಮೆಗ್ನೀಸಿಯಂ ಶೇ. 0.45ರಿಂದ 0.9, ಸಿಲಿಕಾನ್ ಶೇ. 0.2ರಿಂದ 0.6 ಇರುತ್ತವೆ. ತಂತಿಗೆ ಬೇಕಾಗುವ ಧಾತುಗಳೇ ಇದರಲ್ಲಿರುವುದರಿಂದ ಸೂಕ್ತ. ತಿರುಪು, ರಬ್ಬರ್ ಪಟ್ಟಿ ಮತ್ತು ಬಣ್ಣವನ್ನು ತೆಗೆದಿರಬೇಕು.

3. ಪಾನೀಯ ಡಬ್ಬಿಗಳು ಮತ್ತು ಮ್ಯಾಂಗನೀಸ್ ಬೆರೆತ ಹಾಳೆಗಳು: ಸೂಕ್ತವಲ್ಲ. ಡಬ್ಬಿಗಳನ್ನು ಮರಳಿ ಡಬ್ಬಿಗಳ ತಯಾರಿಕೆಗೇ ಕಳುಹಿಸುವುದು ಲಾಭದಾಯಕ.

4. ಎಂಜಿನ್ ಭಾಗಗಳು ಮತ್ತು ಇತರ ಎರಕದ ಗುಜರಿ: ವ್ಯಾಪಾರದಲ್ಲಿ 'ಟೆನ್ಸ್' ಎಂದು ಹೆಸರು. ಸಿಲಿಕಾನ್ ಮತ್ತು ತಾಮ್ರ ಅಧಿಕವಾಗಿರುವುದರಿಂದ ಸೂಕ್ತವಲ್ಲ.

5. ಯಂತ್ರದಲ್ಲಿ ಚೂರು ಮಾಡಿದ ಮಿಶ್ರ ಗುಜರಿ: ವ್ಯಾಪಾರದಲ್ಲಿ 'ಜೋರ್ಬಾ'. ಪ್ರತ್ಯೇಕಿಸದ ಹೊರತು ಬಳಸುವಂತಿಲ್ಲ.

ಕಣ್ಣಳತೆಯ ವಿಂಗಡಣೆಗೆ ಮಿತಿಯಿದೆ. 6063 ಚೌಕಟ್ಟಿಗೂ ಕ್ರೋಮಿಯಂ ಬೆರೆತ 6061 ಪಟ್ಟಿಗೂ ನೋಟದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅಯಸ್ಕಾಂತ, ಸುಳಿ ವಿದ್ಯುತ್ ಯಂತ್ರ ಮತ್ತು ಭಾರದ್ರವದಲ್ಲಿ ತೇಲಿಸುವ ವಿಧಾನಗಳು ಅಲ್ಯೂಮಿನಿಯಂ ಅನ್ನು ಇತರ ವಸ್ತುಗಳಿಂದ ಬೇರ್ಪಡಿಸುತ್ತವೆ. ಒಂದು ಅಲ್ಯೂಮಿನಿಯಂ ಮಿಶ್ರಲೋಹವನ್ನು ಮತ್ತೊಂದರಿಂದ ಗುರುತಿಸಲು ಕ್ಷ-ಕಿರಣ ಅಥವಾ ಲೇಸರ್ ಕಿರಣ ಬಳಸುವ ವಿಶ್ಲೇಷಕ ಯಂತ್ರಗಳ ಅಗತ್ಯವಿದೆ.

ತಯಾರಿಕೆಯ ಹಂತಗಳು

(ಅ) ಬೆರಕೆಯ ಲೆಕ್ಕ

ವಾಹಕ ತಂತಿಗೆ ಬಳಸುವ 6201 ಮಿಶ್ರಲೋಹದಲ್ಲಿ ಮೆಗ್ನೀಸಿಯಂ ಶೇ. 0.6ರಿಂದ 0.9, ಸಿಲಿಕಾನ್ ಶೇ. 0.5ರಿಂದ 0.9 ಇರಬೇಕು. ಕಬ್ಬಿಣ ಶೇ. 0.50ರವರೆಗೆ ಇರಬಹುದು, ಮ್ಯಾಂಗನೀಸ್ ಮತ್ತು ಕ್ರೋಮಿಯಂ ತಲಾ ಶೇ. 0.03 ಮೀರಬಾರದು. ಉದಾಹರಣೆಗೆ, 60 ಕಿಲೋಗ್ರಾಂ ಚೌಕಟ್ಟಿನ ಗುಜರಿಯಲ್ಲಿ ಮೆಗ್ನೀಸಿಯಂ ಶೇ. 0.50, ಸಿಲಿಕಾನ್ ಶೇ. 0.40, ಮ್ಯಾಂಗನೀಸ್ ಶೇ. 0.05 ಇದೆ ಎಂದೂ, 40 ಕಿಲೋಗ್ರಾಂ ತಂತಿ ಗುಜರಿಯಲ್ಲಿ ಸಿಲಿಕಾನ್ ಶೇ. 0.08 ಮಾತ್ರ ಇದೆ ಎಂದೂ ಭಾವಿಸೋಣ. ಎರಡನ್ನೂ ಬೆರೆಸಿದರೆ ಮೆಗ್ನೀಸಿಯಂ ಶೇ. 0.30, ಸಿಲಿಕಾನ್ ಶೇ. 0.27, ಮ್ಯಾಂಗನೀಸ್ ಶೇ. 0.03 ಆಗುತ್ತದೆ. ಸುಮಾರು 0.35 ಕಿಲೋಗ್ರಾಂ ಮೆಗ್ನೀಸಿಯಂ ಮತ್ತು 0.28 ಕಿಲೋಗ್ರಾಂ ಸಿಲಿಕಾನ್ ಸೇರಿಸಿದರೆ ಅಗತ್ಯ ಪ್ರಮಾಣ ತಲುಪಬಹುದು. ಕರಗಿಸುವಾಗ ಉರಿದುಹೋಗುವ ಮೆಗ್ನೀಸಿಯಂಗಾಗಿ ಸ್ವಲ್ಪ ಹೆಚ್ಚು ಸೇರಿಸಬೇಕಾಗುತ್ತದೆ. ಮ್ಯಾಂಗನೀಸ್ ಮಾತ್ರ ಆಗಲೇ ಮಿತಿಯ ಅಂಚಿನಲ್ಲಿರುವುದನ್ನು ಗಮನಿಸಬೇಕು. ಕೊರತೆಯಿರುವ ಧಾತುವನ್ನು ಕೂಡಿಸಬಹುದು, ಹೆಚ್ಚಾದುದನ್ನು ಕಳೆಯಲಾಗದು. ಇಲ್ಲಿ ಶುದ್ಧ ತಂತಿ ಗುಜರಿಯು ಹೊಸ ಲೋಹದ ಸ್ಥಾನವನ್ನು ತುಂಬುತ್ತದೆ.

(ಆ) ಬೋರಾನ್ ಉಪಚಾರ

ದ್ರವ ಲೋಹಕ್ಕೆ ಅಲ್ಯೂಮಿನಿಯಂ-ಬೋರಾನ್ ಮಾತೃಮಿಶ್ರಣವನ್ನು ಸೇರಿಸಿದಾಗ ಟೈಟಾನಿಯಂ, ವೆನೇಡಿಯಂ, ಕ್ರೋಮಿಯಂ ಮತ್ತು ಜಿರ್ಕೋನಿಯಂಗಳು ಬೋರಾನಿನೊಡನೆ ಕೂಡಿ ಭಾರವಾದ ಬೋರೈಡ್ ಕಣಗಳಾಗುತ್ತವೆ. ಇವು ತಳಕ್ಕಿಳಿಯುತ್ತವೆ, ಅಲ್ಪಸ್ವಲ್ಪ ಉಳಿದರೂ ಜಾಲದಿಂದ ಹೊರಗಿರುವುದರಿಂದ ಹಾನಿ ಕಡಿಮೆ. ಹೊಸ ಲೋಹದಿಂದ ತಂತಿ ತಯಾರಿಸುವಾಗಲೂ ಈ ಉಪಚಾರ ರೂಢಿಯಲ್ಲಿದೆ. ಮ್ಯಾಂಗನೀಸ್‌ಗೆ ಈ ಉಪಚಾರ ಫಲಕಾರಿಯಲ್ಲ. ಆದುದರಿಂದಲೇ ಮ್ಯಾಂಗನೀಸ್ ಬೆರೆತ ಗುಜರಿಯನ್ನು ಆರಂಭದಲ್ಲಿಯೇ ದೂರವಿಡಬೇಕಾಗುತ್ತದೆ.

(ಇ) ಅನಿಲ ಮತ್ತು ಕಿಟ್ಟ ನಿವಾರಣೆ

ತೇವ ಮತ್ತು ಎಣ್ಣೆಯಿಂದ ಬರುವ ಜಲಜನಕ ದ್ರವ ಲೋಹದಲ್ಲಿ ಕರಗಿ, ಗಟ್ಟಿಯಾಗುವಾಗ ಗುಳ್ಳೆಗಳಾಗಿ ಉಳಿಯುತ್ತದೆ. ಆರ್ಗಾನ್ ಅಥವಾ ಸಾರಜನಕವನ್ನು ಹಾಯಿಸಿ ಅದನ್ನು ಹೊರಹಾಕಲಾಗುತ್ತದೆ. ಆಕ್ಸೈಡ್ ಪೊರೆಗಳನ್ನು ಪಿಂಗಾಣಿ ನೊರೆಯ ಶೋಧಕಗಳು ತಡೆಯುತ್ತವೆ. ಈ ಹಂತವನ್ನು ಕೈಬಿಟ್ಟರೆ ತಂತಿ ಎಳೆಯುವಾಗ ಪದೇ ಪದೇ ತುಂಡಾಗುತ್ತದೆ.

(ಈ) ಎರಕ ಮತ್ತು ಕಬ್ಬಿಣದ ನಿರ್ವಹಣೆ

ಕಬ್ಬಿಣ ವಾಹಕತೆಗೆ ಹೆಚ್ಚು ಹಾನಿ ಮಾಡದಿದ್ದರೂ ಬಲಕ್ಕೆ ಹಾನಿ ಮಾಡಬಲ್ಲದು. ಲೋಹ ನಿಧಾನವಾಗಿ ತಣಿದರೆ ಕಬ್ಬಿಣ ಮತ್ತು ಸಿಲಿಕಾನ್ ಕೂಡಿ ಉದ್ದನೆಯ, ಪೆಡಸಾದ ತಗಡುಗಳಂತಹ ಕಣಗಳು ಬೆಳೆಯುತ್ತವೆ. ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ. ಶೀಘ್ರವಾಗಿ ತಣಿಸಿದರೆ ಕಣಗಳು ಸಣ್ಣದಾಗಿ ಹರಡಿಕೊಳ್ಳುತ್ತವೆ. ತಿರುಗುವ ಚಕ್ರದ ತೋಡಿನಲ್ಲಿ ಲೋಹವನ್ನು ಎರೆದು, ಬಿಸಿಯಿರುವಾಗಲೇ ಉರುಳೆಗಳ ನಡುವೆ ಹಾಯಿಸಿ 9.5 ಮಿಲಿಮೀಟರ್ ಸರಳು ಮಾಡುವ ನಿರಂತರ ವಿಧಾನವು ಇದಕ್ಕೆ ನೆರವಾಗುತ್ತದೆ. ಇಟಲಿಯ ಇಲಾರಿಯೊ ಪ್ರಾಪರ್ಜಿಯವರ ಹೆಸರಿನಿಂದ ಪ್ರಸಿದ್ಧವಾದ ಈ ವಿಧಾನ ಭಾರತದ ತಂತಿ ಕಾರ್ಖಾನೆಗಳಲ್ಲಿಯೂ ಬಳಕೆಯಲ್ಲಿದೆ.

ಕಬ್ಬಿಣದ ಕಣಗಳು ಸ್ವಲ್ಪ ಸಿಲಿಕಾನನ್ನು ಕಬಳಿಸುತ್ತವೆ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಬೇಕು. ಕಬ್ಬಿಣದ ತೂಕದ ಸುಮಾರು ಕಾಲು ಭಾಗದಷ್ಟು ಸಿಲಿಕಾನ್ ಹೀಗೆ ವ್ಯಯವಾಗುತ್ತದೆ ಎಂದು ಅಂದಾಜಿಸುವುದು ವಾಡಿಕೆ. ಗುಜರಿಯಲ್ಲಿ ಕಬ್ಬಿಣ ಹೆಚ್ಚಿದ್ದರೆ ಸಿಲಿಕಾನಿನ ಪ್ರಮಾಣವನ್ನು ಅದಕ್ಕೆ ತಕ್ಕಂತೆ ಏರಿಸಬೇಕಾಗುತ್ತದೆ.

(ಉ) ಶಾಖ ಸಂಸ್ಕಾರ ಮತ್ತು ತಂತಿ ಎಳೆಯುವಿಕೆ

ಸರಳನ್ನು 520ರಿಂದ 550 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೀರಿನಲ್ಲಿ ಥಟ್ಟನೆ ತಣಿಸಿದಾಗ ಮೆಗ್ನೀಸಿಯಂ ಮತ್ತು ಸಿಲಿಕಾನ್ ಜಾಲದಲ್ಲಿ ಕರಗಿದ ಸ್ಥಿತಿಯಲ್ಲಿಯೇ ಸೆರೆಯಾಗುತ್ತವೆ. ಅನಂತರ ಅಚ್ಚುಗಳ ಮೂಲಕ ಎಳೆದು ತಂತಿ ಮಾಡಿ, ಸುಮಾರು 150ರಿಂದ 170 ಡಿಗ್ರಿಯಲ್ಲಿ ಕೆಲವು ಗಂಟೆಗಳ ಕಾಲ ಇರಿಸಲಾಗುತ್ತದೆ. ಆಗ ಕರಗಿದ್ದ ಪರಮಾಣುಗಳು ಜಾಲದಿಂದ ಹೊರಬಂದು, ಮಿಲಿಮೀಟರಿನ ಹತ್ತು ಲಕ್ಷದ ಭಾಗದಲ್ಲಿ ಅಳೆಯಬೇಕಾದಷ್ಟು ಸೂಕ್ಷ್ಮ ಕಣಗಳಾಗುತ್ತವೆ. ಹೀಗೆ ಕಾಲಕ್ರಮದಲ್ಲಿ ಲೋಹ ಗಟ್ಟಿಯಾಗುವ ವಿದ್ಯಮಾನವನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿ 1906ರಲ್ಲಿ ತಾಮ್ರ ಬೆರೆತ ಅಲ್ಯೂಮಿನಿಯಂನಲ್ಲಿ ಗುರುತಿಸಿದರು.

ಈ ಹಂತದಲ್ಲಿ ಬಲವೂ ವಾಹಕತೆಯೂ ಒಟ್ಟಿಗೆ ಏರುತ್ತವೆ. ಆದರೆ ಕಾಲಮಿತಿ ಮೀರಿದರೆ ಕಣಗಳು ದಪ್ಪಗಾಗಿ ವಾಹಕತೆ ಏರುತ್ತಲೇ ಹೋಗಿ ಬಲ ಇಳಿಯತೊಡಗುತ್ತದೆ. ಎರಡರ ನಡುವೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ತಂತಿಯ ಬಳಕೆಯೇ ನಿರ್ಧರಿಸುತ್ತದೆ. ಗುಜರಿ ಮೂಲದ ಲೋಹದ ಸಂಯೋಜನೆಯು ಪ್ರತಿ ಕುಲುಮೆ ತುಂಬುವಿಕೆಗೂ ಸ್ವಲ್ಪ ಬದಲಾಗುವುದರಿಂದ, ಶಾಖ ಸಂಸ್ಕಾರದ ಅವಧಿಯನ್ನು ಪ್ರತಿ ಬಾರಿಯೂ ಪರೀಕ್ಷೆಯ ಆಧಾರದ ಮೇಲೆ ನಿಗದಿಪಡಿಸುವುದು ಸೂಕ್ತ.

ಕಬ್ಬಿಣವನ್ನೇ ಬಳಸಿಕೊಳ್ಳುವ ಮಿಶ್ರಲೋಹಗಳು

ಅಮೆರಿಕದಲ್ಲಿ 1965ರಿಂದ 1973ರವರೆಗೆ ಅನೇಕ ಮನೆಗಳ ಒಳವೈರಿಂಗ್‌ಗೆ ಅಲ್ಯೂಮಿನಿಯಂ ತಂತಿ ಬಳಸಲಾಯಿತು. ಕಾಲ ಕಳೆದಂತೆ ತಿರುಪಿನ ಒತ್ತಡಕ್ಕೆ ತಂತಿ ನಿಧಾನವಾಗಿ ಹಿಂಜರಿದು, ಜೋಡಣೆಗಳು ಸಡಿಲಗೊಂಡು, ಬಿಸಿಯೇರಿ ಬೆಂಕಿ ಅನಾಹುತಗಳು ಸಂಭವಿಸಿದವು. ಅನಂತರ ರೂಢಿಗೆ ಬಂದ 8000 ಶ್ರೇಣಿಯ ಮಿಶ್ರಲೋಹಗಳಲ್ಲಿ ಕಬ್ಬಿಣವನ್ನು ಉದ್ದೇಶಪೂರ್ವಕವಾಗಿಯೇ ಸೇರಿಸಲಾಗುತ್ತದೆ. 8176 ಎಂಬುದರಲ್ಲಿ ಅದು ಶೇ. 0.40ರಿಂದ 1.0. ಕಬ್ಬಿಣದ ಕಣಗಳು ತಂತಿಯ ಹಿಂಜರಿಕೆಯನ್ನು ತಡೆಯುತ್ತವೆ. ಜಾಲದಲ್ಲಿ ಕರಗದಿರುವುದರಿಂದ ವಾಹಕತೆಯೂ ವಿದ್ಯುತ್ ದರ್ಜೆಯ ಲೋಹದ ಸಮೀಪದಲ್ಲಿಯೇ ಉಳಿಯುತ್ತದೆ. ಕಬ್ಬಿಣ ಸ್ವಲ್ಪ ಹೆಚ್ಚಾಗಿರುವ, ಆದರೆ ಮ್ಯಾಂಗನೀಸ್ ಮತ್ತು ಕ್ರೋಮಿಯಂ ಇಲ್ಲದ ಗುಜರಿಗೆ ಈ ಶ್ರೇಣಿಯು ಸಹಜವಾದ ಗುರಿಯಾಗಬಲ್ಲದು. ಒಂದು ಬಳಕೆಯಲ್ಲಿ ಕಲ್ಮಶವೆನಿಸಿದ ಧಾತು ಮತ್ತೊಂದರಲ್ಲಿ ಉಪಯುಕ್ತ ಬೆರಕೆಯಾಗುವುದಕ್ಕೆ ಇದು ಉತ್ತಮ ನಿದರ್ಶನ.

ಸಂಶೋಧನೆಯ ದಿಕ್ಕುಗಳು

• ಜಿರ್ಕೋನಿಯಂ ಬೆರೆಸಿ, ದೀರ್ಘಕಾಲ ಕಾಯಿಸಿ ಸೂಕ್ಷ್ಮ ಕಣಗಳನ್ನು ಬೇರ್ಪಡಿಸಿದ ತಂತಿಗಳು 150 ಡಿಗ್ರಿ ಸೆಲ್ಸಿಯಸ್ ಹಾಗೂ ಅದಕ್ಕೂ ಹೆಚ್ಚಿನ ಉಷ್ಣತೆಯಲ್ಲಿ ನಿರಂತರವಾಗಿ ಕೆಲಸ ಮಾಡಬಲ್ಲವು. ಇದ್ದ ಗೋಪುರಗಳ ಮೇಲೆಯೇ ಹೆಚ್ಚು ವಿದ್ಯುತ್ ಸಾಗಿಸಲು ಇವು ಬಳಕೆಯಲ್ಲಿವೆ.
• ಸೀರಿಯಂ, ಲ್ಯಾಂಥನಂ ಮುಂತಾದ ವಿರಳ ಭಸ್ಮ ಧಾತುಗಳು ಅಲ್ಯೂಮಿನಿಯಂನಲ್ಲಿ ಬಹುತೇಕ ಕರಗುವುದಿಲ್ಲ. ಕಬ್ಬಿಣ, ಸಿಲಿಕಾನ್‌ಗಳನ್ನು ಜಾಲದಿಂದ ಹೊರಸೆಳೆಯುವಲ್ಲಿ ಇವುಗಳ ಪಾತ್ರವನ್ನು ಅಧ್ಯಯನ ಮಾಡಲಾಗುತ್ತಿದೆ.
• ತೀವ್ರ ವಿರೂಪಣೆಯ ಮೂಲಕ ಲೋಹದ ಹರಳುಗಳನ್ನು ಅತಿ ಸಣ್ಣದಾಗಿಸುವ ವಿಧಾನಗಳು ಬಲವನ್ನು ಹೆಚ್ಚಿಸುತ್ತವೆ. ಹರಳಿನ ಅಂಚುಗಳು ವಾಹಕತೆಗೆ ಮಾಡುವ ಹಾನಿ ಅಲ್ಪ.
• ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯವು ಗುಜರಿಯನ್ನು ಕರಗಿಸದೆ, ಘರ್ಷಣೆಯ ಶಾಖದಿಂದಲೇ ಮೆದುಗೊಳಿಸಿ ಒತ್ತಿ ತೆಗೆಯುವ ವಿಧಾನವನ್ನು ಅಭಿವೃದ್ಧಿಪಡಿಸಿದೆ. ಇದರಲ್ಲಿ ಕಬ್ಬಿಣದ ದಪ್ಪ ಕಣಗಳು ಪುಡಿಯಾಗಿ ಹರಡುತ್ತವೆ.

ಭಾರತದಲ್ಲಿ ನಾಗಪುರದ ಜವಾಹರಲಾಲ್ ನೆಹರೂ ಅಲ್ಯೂಮಿನಿಯಂ ಸಂಶೋಧನಾ, ಅಭಿವೃದ್ಧಿ ಮತ್ತು ವಿನ್ಯಾಸ ಕೇಂದ್ರವು ಅಲ್ಯೂಮಿನಿಯಂ ಕ್ಷೇತ್ರಕ್ಕೆ ಮೀಸಲಾದ ಸಂಸ್ಥೆಯಾಗಿದೆ.

ಮಾನಕಗಳು ಮತ್ತು ಪರೀಕ್ಷೆ

ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಐ.ಎಸ್. 398 ಮೇಲುಮಾರ್ಗದ ಅಲ್ಯೂಮಿನಿಯಂ ವಾಹಕಗಳಿಗೆ ಸಂಬಂಧಿಸಿದ ಮಾನಕ. ಇದರ ಭಾಗ 2 ಉಕ್ಕಿನ ಎಳೆಯಿರುವ ವಾಹಕಗಳಿಗೂ, ಭಾಗ 4 ಮೆಗ್ನೀಸಿಯಂ-ಸಿಲಿಕಾನ್ ಮಿಶ್ರಲೋಹದ ವಾಹಕಗಳಿಗೂ ಅನ್ವಯಿಸುತ್ತದೆ. ವಿದ್ಯುತ್ ದರ್ಜೆಯ ಸರಳಿಗೆ ಐ.ಎಸ್. 5484 ಮಾನಕವಿದೆ. ಲೋಹ ಅದಿರಿನಿಂದ ಬಂದುದಾಗಲಿ ಗುಜರಿಯಿಂದ ಬಂದುದಾಗಲಿ, ತಂತಿಯು ರೋಧ, ಕರ್ಷಣ ಬಲ, ಹಿಗ್ಗುವಿಕೆ ಮುಂತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕಾದುದು ಅವಶ್ಯ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ವಿದ್ಯುತ್ ಉಪಕರಣಗಳ ಮತ್ತು ವಾಹಕಗಳ ಪರೀಕ್ಷಾ ಸೌಲಭ್ಯಗಳಿವೆ.

ತೂಕ ಮತ್ತು ಹೊಳಪನ್ನು ನೋಡಿ ತಂತಿಯ ಗುಣಮಟ್ಟವನ್ನು ನಿರ್ಣಯಿಸಲು ಬರುವುದಿಲ್ಲ. ವಿಂಗಡಿಸದ ಗುಜರಿಯಿಂದ ಎಳೆದ ತಂತಿ ಹೊರನೋಟಕ್ಕೆ ಒಳ್ಳೆಯ ತಂತಿಯಂತೆಯೇ ಇದ್ದು, ಹೊರೆ ಬಿದ್ದಾಗ ಬಿಸಿಯೇರುತ್ತದೆ.

ಸುರಕ್ಷತೆ ಮತ್ತು ಪರಿಸರ ಸಂರಕ್ಷಣೆ

1. ತೇವವಿರುವ ಗುಜರಿ ಅಥವಾ ಮುಚ್ಚಿದ ಡಬ್ಬಿಗಳನ್ನು ದ್ರವ ಲೋಹಕ್ಕೆ ಹಾಕಬಾರದು. ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಸ್ಫೋಟ ಸಂಭವಿಸುತ್ತದೆ.
2. ಕೇಬಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಯಲಿನಲ್ಲಿ ಸುಡಬಾರದು. ಪಿ.ವಿ.ಸಿ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್‌ಗಳು ಹೊರಬೀಳುತ್ತವೆ. ಹೊದಿಕೆಯನ್ನು ಯಂತ್ರದಿಂದ ಸುಲಿಯತಕ್ಕದ್ದು.
3. ಕುಲುಮೆಯ ಕಿಟ್ಟವನ್ನು ಮಳೆನೀರು ತಗಲದಂತೆ ಸಂಗ್ರಹಿಸಿಡಬೇಕು. ನೀರು ಸೋಕಿದರೆ ಅಮೋನಿಯಾ ಹಾಗೂ ಉರಿಯುವ ಅನಿಲಗಳು ಬಿಡುಗಡೆಯಾಗುತ್ತವೆ.
4. ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ತುದಿಗೆ ನೇರವಾಗಿ ಜೋಡಿಸಬಾರದು. ಇದಕ್ಕೆಂದೇ ಇರುವ ದ್ವಿಲೋಹ ಜೋಡಕಗಳನ್ನು ಬಳಸಬೇಕು.
5. ಮಾರ್ಗದಲ್ಲಿರುವ ತಂತಿಯನ್ನು ಕಳವು ಮಾಡುವುದು ಹಾಗೂ ಕಳವಿನ ತಂತಿಯನ್ನು ಕೊಳ್ಳುವುದು ಶಿಕ್ಷಾರ್ಹ ಅಪರಾಧ. ಗುಜರಿ ವ್ಯಾಪಾರಿಗಳು ತಂತಿಯ ಮೂಲವನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಸಾರಾಂಶ

ಗುಜರಿ ಅಲ್ಯೂಮಿನಿಯಂ ವಿದ್ಯುತ್ ವಾಹಕಕ್ಕೆ ಅನರ್ಹ ಎಂಬ ಅಭಿಪ್ರಾಯ ಪೂರ್ಣ ಸತ್ಯವಲ್ಲ. ಎಲ್ಲ ಗುಜರಿಯೂ ಅರ್ಹ ಎಂಬುದೂ ಸರಿಯಲ್ಲ. ಮ್ಯಾಂಗನೀಸ್ ಬೆರೆತ ಗುಜರಿಯನ್ನು ವಿಂಗಡಣೆಯಲ್ಲಿಯೇ ದೂರವಿಟ್ಟು, ಟೈಟಾನಿಯಂ, ವೆನೇಡಿಯಂ ಮತ್ತು ಕ್ರೋಮಿಯಂಗಳನ್ನು ಬೋರಾನಿನಿಂದ ಕಟ್ಟಿಹಾಕಿ, ಕಬ್ಬಿಣವನ್ನು ಶೀಘ್ರ ತಣಿಸುವಿಕೆಯಿಂದ ಸಣ್ಣ ಕಣಗಳಾಗಿಸಿ, ಮೆಗ್ನೀಸಿಯಂ-ಸಿಲಿಕಾನ್‌ಗಳನ್ನು ಶಾಖ ಸಂಸ್ಕಾರದಿಂದ ಜಾಲದ ಹೊರಗೆ ತಂದರೆ ಬಲವೂ ವಾಹಕತೆಯೂ ಉಳ್ಳ ತಂತಿ ದೊರೆಯುತ್ತದೆ. ಹಳೆಯ ತಂತಿ ಮತ್ತು ಕಿಟಕಿ ಚೌಕಟ್ಟುಗಳನ್ನು ಎಂಜಿನ್ ಗುಜರಿಯೊಡನೆ ಬೆರೆಸದೆ ಪ್ರತ್ಯೇಕವಾಗಿ ಸಂಗ್ರಹಿಸುವುದು ಈ ಕಾರ್ಯದ ಮೊದಲ ಹೆಜ್ಜೆ. ಮನೆ ಕೆಡವುವಾಗ, ಮಾರ್ಗ ಬದಲಿಸುವಾಗ, ಗುಜರಿ ಅಂಗಡಿಗೆ ಹಾಕುವಾಗ ವಹಿಸುವ ಇಷ್ಟು ಎಚ್ಚರವು ಆ ಲೋಹ ಮರಳಿ ತಂತಿಯಾಗಲು ಅವಕಾಶ ಮಾಡಿಕೊಡುತ್ತದೆ.